ಪೇಲಿಯೊ ಊಟ, ಉಪವಾಸ, ವ್ಯಾಯಾಮ: ಮೂರನ್ನೂ ಜೊತೆಗೆ ನಡೆಸುವ ಬಗೆ

ಪೇಲಿಯೊ ಊಟ (ಆದಿಮಾನವನ ಊಟದ ಮಾದರಿಯ ಪದ್ಧತಿ), ಉಪವಾಸ, ವ್ಯಾಯಾಮ ಈ ಮೂರರಲ್ಲಿ ಯಾವುದಾದರೂ ಒಂದನ್ನೇ ಹಿಡಿದರೆ ಅಷ್ಟೇನೂ ಕಷ್ಟವಿಲ್ಲ. ಮೂರೂ ಸೇರಿದಾಗ ತೊಡಕು ಶುರುವಾಗುತ್ತದೆ, ಏಕೆಂದರೆ ಮೂರೂ ಒಂದೇ ಕಡೆಗೆ ಎಳೆಯುತ್ತವೆ. ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ ಬಿಟ್ಟರೆ ತಟ್ಟೆಯಲ್ಲಿನ ಕ್ಯಾಲೊರಿ ತಾನಾಗಿಯೇ ಇಳಿಯುತ್ತದೆ. ಉಪವಾಸದಿಂದ ಉಣ್ಣುವ ಹೊತ್ತು ಕಿರಿದಾಗುತ್ತದೆ. ವ್ಯಾಯಾಮ ಖರ್ಚನ್ನು ಹೆಚ್ಚಿಸುತ್ತದೆ. ಹಾಗಾಗಿ ಈ ದಾರಿಯಲ್ಲಿ ಸೋಲುವವರು ಹೆಚ್ಚು ತಿಂದು ಸೋಲುವುದು ಅಪರೂಪ, ಸಾಲದಷ್ಟು ತಿಂದು ಸೋಲುವುದೇ ಹೆಚ್ಚು. 'ಉಪವಾಸ ನನಗೆ ಒಗ್ಗಲಿಲ್ಲ' ಎನ್ನುವವರ ಒಂದು ದಿನದ ಊಟವನ್ನು ಅಳತೆ ಸಮೇತ ಬರೆಸಿ ನೋಡಿ. ಬಹುತೇಕ ಕೊರತೆ ಇರುವುದು ಉಪ್ಪಿನಲ್ಲಿ, ಪಿಷ್ಟದಲ್ಲಿ, ಇಲ್ಲವೇ ಊಟದ ಒಟ್ಟು ಪ್ರಮಾಣದಲ್ಲಿ.

ಆದ್ದರಿಂದ ನನ್ನ ಕ್ರಮ ಹೀಗೆ: ಮೊದಲು ಊಟ, ಆಮೇಲೆ ಭಾರ ಎತ್ತುವುದು, ಕೊನೆಗೆ ಉಪವಾಸ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಮೂರು ವಾರ. ಮೂರನ್ನೂ ಒಂದೇ ಸೋಮವಾರ ಶುರುಮಾಡಿದರೆ ತಲೆನೋವು ಬಂದಾಗ ಯಾವುದರಿಂದ ಬಂತು ಎಂದು ಪತ್ತೆಹಚ್ಚುವುದೇ ಆಗುವುದಿಲ್ಲ.

ಯಾರು ಇದಕ್ಕೆ ಕೈಹಾಕಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗರ್ಭಿಣಿಯರು, ಎದೆಹಾಲು ಕುಡಿಸುವವರು, 18 ವರ್ಷದೊಳಗಿನವರು, ಈಗಾಗಲೇ ತೂಕ ಕಡಿಮೆ ಇರುವವರು, ಊಟದ ವಿಚಾರದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಉಪವಾಸದ ಭಾಗವನ್ನು ಪೂರ್ತಿ ಬಿಡಬೇಕು. ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯಾ ಗುಂಪಿನ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆಯವರದು ಬೇರೆ ಅಪಾಯ: ರಕ್ತದ ಸಕ್ಕರೆ ಅಷ್ಟೇನೂ ಏರದೆಯೇ ಕೀಟೊಆಸಿಡೋಸಿಸ್ (ಕೀಟೋನ್‌ಗಳು ಹೆಚ್ಚಾಗಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು. ರಕ್ತದೊತ್ತಡದ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆ ಅಥವಾ ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಇರುವವರು ವೈದ್ಯರೊಂದಿಗೆ ಮಾತಾಡಿಯೇ ಮುಂದುವರಿಯಬೇಕು.

ತಟ್ಟೆಯಲ್ಲಿ ಏನು, ಎಷ್ಟು

ಪೇಲಿಯೊ ನಿಯಮ ಇಷ್ಟೇ: ಮಾಂಸ, ಮೀನು, ಮೊಟ್ಟೆ, ತರಕಾರಿ, ಗೆಡ್ಡೆಗೆಣಸು, ಹಣ್ಣು, ಬೀಜಗಳು ಒಳಗೆ. ಧಾನ್ಯ, ಬೇಳೆಕಾಳು, ಹಾಲಿನ ಪದಾರ್ಥ, ಸಕ್ಕರೆ, ಪೊಟ್ಟಣದ ತಿಂಡಿ ಹೊರಗೆ. ಶೇಂಗಾ ಕೂಡ ಬೇಳೆಕಾಳಿನ ಜಾತಿ, ಆದ್ದರಿಂದ ಹೊರಗೆ. 1985ರಲ್ಲಿ ಅಮೆರಿಕದ ವೈದ್ಯ ಬಾಯ್ಡ್ ಈಟನ್ ಮತ್ತು ಮಾನವಶಾಸ್ತ್ರಜ್ಞ ಮೆಲ್ವಿನ್ ಕಾನರ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಈ ವಿಚಾರಕ್ಕೆ ಗಂಭೀರ ಚರ್ಚೆಯಲ್ಲಿ ಜಾಗ ಸಿಕ್ಕಿತು. ಆದರೆ ಆದಿಮಾನವನ ಊಟ ಎಲ್ಲೆಡೆ ಒಂದೇ ತರಹ ಇರಲಿಲ್ಲ. ಯುರೋಪಿನಲ್ಲಿ ಸುಮಾರು 30,000 ವರ್ಷ ಹಳೆಯ ಅರೆಯುವ ಕಲ್ಲುಗಳ ಮೇಲೆ ಪಿಷ್ಟದ ಕಣಗಳು ಸಿಕ್ಕಿವೆ. ಪೂರ್ವಿಕರು ತಿಂದರು ಎಂಬುದು ನನಗೆ ಕಾರಣವೇ ಅಲ್ಲ. ಈ ನಿಯಮ ಪೊಟ್ಟಣದ ಆಹಾರವನ್ನು ಒಂದೇ ಏಟಿಗೆ ಹೊರಹಾಕುತ್ತದೆ, ಪ್ರೋಟೀನ್ ಮತ್ತು ತರಕಾರಿಯನ್ನು ತಟ್ಟೆಯ ನಡುವಿಗೆ ತರುತ್ತದೆ. ಅಷ್ಟು ಸಾಕು.

70 ಕೆಜಿ ತೂಕದ, ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಕ್ತಿಯ ಲೆಕ್ಕ ಹಾಕೋಣ. ಪ್ರೋಟೀನ್ ಕೆಜಿಗೆ 1.6 ಗ್ರಾಂನಂತೆ ದಿನಕ್ಕೆ 112 ಗ್ರಾಂ. ಮೂರು ಮೊಟ್ಟೆ 18 ಗ್ರಾಂ ಕೊಡುತ್ತವೆ, 150 ಗ್ರಾಂ ಮೀನು 30, ಮೂಳೆಯಿಲ್ಲದ 200 ಗ್ರಾಂ ಕೋಳಿ ಸುಮಾರು 44, ಒಂದು ಹಿಡಿ ಅಂದರೆ 30 ಗ್ರಾಂ ಬಾದಾಮಿ 6. ಉಳಿದದ್ದು ತರಕಾರಿ, ಗೆಣಸಿನಿಂದ ಚೂರುಚೂರಾಗಿ ಬರುತ್ತದೆ. ಇಲ್ಲಿ ಹೇಳಿದ ಮೀನು, ಕೋಳಿಯ ತೂಕ ಹಸಿಯದ್ದು. ಬೆಂದಾಗ ನೀರು ಹೋಗಿ ಕಾಲು ಭಾಗದಷ್ಟು ತೂಕ ಇಳಿಯುತ್ತದೆ. ಬೇಯಿಸಿದ ಮೇಲೆ ತೂಗಿ ಹಸಿಯದ್ದರ ಪೋಷಕಾಂಶ ಪಟ್ಟಿ ನೋಡಿದರೆ ಲೆಕ್ಕ ತಪ್ಪುತ್ತದೆ.

ಇದರ ಜೊತೆಗೆ ಅರ್ಧ ಕೆಜಿ ತರಕಾರಿ, 300 ಗ್ರಾಂ ಗೆಣಸು, ಎರಡು ಹಣ್ಣು, ಮೂರು ದೊಡ್ಡ ಚಮಚ ಎಣ್ಣೆ. ತಟ್ಟೆಗೆ ಬಡಿಸಿದರೆ ಮುಗಿಸುವುದೇ ಕಷ್ಟ ಎನಿಸುವಷ್ಟು ಊಟ. ಆದರೂ ಒಟ್ಟು ಬರುವುದು ಸುಮಾರು 1800 ಕ್ಯಾಲೊರಿ. ಇಂಥ ವ್ಯಕ್ತಿಗೆ ತೂಕ ಹಾಗೇ ಉಳಿಯಲು 2300ರ ಆಸುಪಾಸು ಬೇಕಾಗುತ್ತದೆ. ಅಂದರೆ ಹೊಟ್ಟೆ ಬಿರಿಯೆ ತಿಂದೂ 500 ಕ್ಯಾಲೊರಿ ಕೊರತೆ. ಇದರ ಮೇಲೆ ಎಣ್ಣೆಗೂ ಹೆದರಿ, ಗೆಣಸನ್ನೂ ಬಿಟ್ಟು, ಒಂದು ಹೊತ್ತಿನ ಊಟವನ್ನೂ ತಪ್ಪಿಸಿದರೆ 1200ಕ್ಕೂ ಕೆಳಗೆ ಇಳಿಯುತ್ತದೆ. ಭಾರ ಎತ್ತುವ ದಿನ ನಾನು ಗೆಣಸನ್ನು 500 ಗ್ರಾಂಗೆ ಏರಿಸುತ್ತೇನೆ, ಅದರಿಂದ ಬರುವ ಕಾರ್ಬ್ (ಕಾರ್ಬೋಹೈಡ್ರೇಟ್) ಸುಮಾರು 100 ಗ್ರಾಂ. ತೂಕ ಇಳಿಸುವ ಉದ್ದೇಶವೇ ಇಲ್ಲದವರು ಕೋಳಿಯ ಎದೆ ಭಾಗದ ಬದಲು ಚರ್ಮ ಸಮೇತ ತೊಡೆ, ಎಣ್ಣೆಯಂಶವುಳ್ಳ ಮೀನು, ಇನ್ನೊಂದು ಚಮಚ ಎಣ್ಣೆ ಸೇರಿಸಿಕೊಳ್ಳಬೇಕು.

ಪೇಲಿಯೊ ಎಂದರೆ ಕಾರ್ಬ್ ಬಿಡುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಕೀಟೊ ಎಂಬ ಪದ್ಧತಿ, ಇದು ಬೇರೆ. ಕೊಬ್ಬನ್ನೂ ಪಿಷ್ಟವನ್ನೂ ಎರಡನ್ನೂ ಬಿಟ್ಟು ಬರೀ ಕೊಬ್ಬಿಲ್ಲದ ಮಾಂಸ, ಮೊಟ್ಟೆಯ ಬಿಳಿಭಾಗದ ಮೇಲೆ ನಿಲ್ಲಲು ಹೊರಟರೆ ಕೆಲವೇ ದಿನಗಳಲ್ಲಿ ವಾಕರಿಕೆ, ಭೇದಿ, ಎಷ್ಟು ತಿಂದರೂ ತೀರದ ಹಸಿವು ಬರುತ್ತದೆ. ಒಟ್ಟು ಕ್ಯಾಲೊರಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಪ್ರೋಟೀನ್‌ನಿಂದಲೇ ದಿನವೂ ಪಡೆಯುವುದು ದೇಹಕ್ಕೆ ಕಷ್ಟ.

ಬೀಜಗಳ ಬಗ್ಗೆ ಒಂದು ಎಚ್ಚರಿಕೆ. 100 ಗ್ರಾಂ ಬಾದಾಮಿ ಎಂದರೆ 580 ಕ್ಯಾಲೊರಿ, ಮಾತಾಡುತ್ತಾ ಡಬ್ಬಿಗೆ ಕೈಹಾಕಿದರೆ ಖಾಲಿಯಾಗಿದ್ದೇ ಗೊತ್ತಾಗುವುದಿಲ್ಲ. ಅಳೆದು ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡುವುದು ನನ್ನ ಅಭ್ಯಾಸ.

ಹಾಲು ಬಿಟ್ಟಾಗ ಕ್ಯಾಲ್ಸಿಯಂ ಎಲ್ಲಿಂದ ಎಂದು ಮೊದಲೇ ಯೋಚಿಸಿರಬೇಕು. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಎಲ್ಲಕ್ಕಿಂತ ಒಳ್ಳೆಯ ಮೂಲ. ಎಳ್ಳಿನಲ್ಲೂ ಸೊಪ್ಪಿನಲ್ಲೂ ಇದೆ, ಆದರೆ ಪಾಲಕ್‌ನಂಥ ಸೊಪ್ಪಿನಲ್ಲಿ ಆಕ್ಸಲೇಟ್ (ಕ್ಯಾಲ್ಸಿಯಂ ಅನ್ನು ಹಿಡಿದಿಡುವ ವಸ್ತು) ಹೆಚ್ಚಿರುವುದರಿಂದ ಪಟ್ಟಿಯಲ್ಲಿ ಕಾಣುವಷ್ಟು ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೀನು ತಿನ್ನದವರು ಮೊಸರನ್ನು ಉಳಿಸಿಕೊಳ್ಳಲಿ, ನಿಯಮ ಮುರಿಯಿತೆಂದು ಕೊರಗಬೇಕಿಲ್ಲ. ಮಾಂಸವನ್ನೂ ಮೊಟ್ಟೆಯನ್ನೂ ಮುಟ್ಟದವರಿಗಂತೂ ಈ ಪದ್ಧತಿ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಬೇಳೆಯನ್ನೂ ಹಾಲನ್ನೂ ಬಿಟ್ಟರೆ ಅವರಿಗೆ ಪ್ರೋಟೀನ್‌ನ ದಾರಿಯೇ ಮುಚ್ಚಿಹೋಗುತ್ತದೆ.

ಉಪ್ಪಿನ ವಿಚಾರ

ಮೂರನ್ನೂ ಜೊತೆಗೆ ನಡೆಸುವವರು ಅತಿ ಹೆಚ್ಚು ನಿರ್ಲಕ್ಷಿಸುವುದು ಇದನ್ನೇ. ಪೊಟ್ಟಣದ ತಿಂಡಿ, ಬ್ರೆಡ್, ಚೀಸ್ ಬಿಟ್ಟಾಗ ಅವುಗಳಲ್ಲಿ ಅಡಗಿದ್ದ ಉಪ್ಪೂ ಹೋಗುತ್ತದೆ. ಉಪವಾಸದಲ್ಲಿ ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹೆಚ್ಚಾಗಿ ಹೊರಬಿಡುತ್ತವೆ. ವ್ಯಾಯಾಮದಲ್ಲಿ ಬೆವರಿನೊಂದಿಗೆ ಇನ್ನಷ್ಟು. ಮೂರು ತೂತುಗಳಿಂದ ಸೋರುವಾಗ ಬರೀ ನೀರು ಕುಡಿದರೆ ಉಳಿದ ಸೋಡಿಯಂ ಇನ್ನೂ ತೆಳುವಾಗುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಮಧ್ಯಾಹ್ನದ ತಲೆನೋವು, ರಾತ್ರಿ ಮೀನಖಂಡದ ಸೆಳೆತ, ಭಾರ ಹಿಡಿದಾಗ ಕೈಕಾಲು ಸೋಲುವುದು ಇವೆಲ್ಲ ಅನೇಕ ಸಲ ಇದರದೇ ಲಕ್ಷಣ.

ಬೆಳಗಿನ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಅರ್ಧ ಲೀಟರ್ ನೀರಿಗೆ ಕಾಲು ಚಹಾಚಮಚ ಉಪ್ಪು ಬೆರೆಸಿ ಕುಡಿಯುತ್ತೇನೆ. ಅದು ಸುಮಾರು ಒಂದೂವರೆ ಗ್ರಾಂ ಉಪ್ಪು, ಸೋಡಿಯಂ ಲೆಕ್ಕದಲ್ಲಿ 600 ಮಿಲಿಗ್ರಾಂ. ಅಡುಗೆಗೆ ರುಚಿಗೆ ತಕ್ಕಷ್ಟು ಹಾಕುತ್ತೇನೆ. ರಕ್ತದೊತ್ತಡ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಉಪ್ಪು ಅಯೋಡಿನ್ ಸೇರಿಸಿದ್ದೇ ಆಗಿರಲಿ. ಹಾಲನ್ನು ಬಿಟ್ಟು, ಸಮುದ್ರದ ಮೀನನ್ನೂ ತಿನ್ನದೆ, ಮೇಲೆ ಕಲ್ಲುಪ್ಪು, ಗುಲಾಬಿ ಉಪ್ಪು ಎಂದು ಬದಲಾಯಿಸಿಕೊಂಡವರಿಗೆ ಅಯೋಡಿನ್ ಕೊರತೆ ಸದ್ದಿಲ್ಲದೆ ಬರುತ್ತದೆ.

ಉಪವಾಸದ ಗಂಟೆಗಳು

ಊಟ ಬದಲಾದ ಮೊದಲ ಮೂರು ವಾರ ರಾತ್ರಿಯ 12 ಗಂಟೆ ಬಿಡುವು ಮಾತ್ರ: ಸಂಜೆ ಏಳಕ್ಕೆ ಮುಗಿಸಿ ಬೆಳಿಗ್ಗೆ ಏಳಕ್ಕೆ ತಿನ್ನುವುದು. ಭಾರ ಎತ್ತುವುದು ಶುರುವಾದ ಮೇಲಿನ ಮೂರು ವಾರವೂ ಹಾಗೆಯೇ. ಆಮೇಲೆ ಎರಡು ವಾರ 14 ಗಂಟೆ. ಆಗ ಎತ್ತುವ ತೂಕ ಇಳಿಯದೆ, ನಿದ್ರೆ ಕೆಡದೆ ಇದ್ದರೆ 16. ಅಂದರೆ ಬೆಳಗಿನ 11ಕ್ಕೆ ಮೊದಲ ಊಟ, ಸಂಜೆ ಏಳರೊಳಗೆ ಕೊನೆಯದು. 16ರಿಂದ ಮುಂದೆ ನಾನು ಹೋಗುವುದಿಲ್ಲ. ಎರಡು ಊಟದಲ್ಲಿ 112 ಗ್ರಾಂ ಪ್ರೋಟೀನ್ ತುಂಬಿಸಲು ಆಗುತ್ತದೆ, ಒಂದೇ ಊಟದಲ್ಲಿ ದಿನವೂ ಆಗುವುದಿಲ್ಲ. ಅದಕ್ಕಿಂತ ಬೇರೆ ಕಾರಣ ಬೇಕಿಲ್ಲ.

'16 ಗಂಟೆ ದಾಟಿದರೆ ಆಟೊಫೇಜಿ ಶುರು' ಎಂಬ ಮಾತು ಎಲ್ಲೆಲ್ಲೂ ಕೇಳುತ್ತದೆ. ಆಟೊಫೇಜಿ ಎಂದರೆ ಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಒಡೆದು ಮರುಬಳಸುವುದು. ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ತಂದುಕೊಟ್ಟ ಸಂಶೋಧನೆ ನಡೆದದ್ದು ಯೀಸ್ಟ್ ಕೋಶಗಳಲ್ಲಿ. ಮನುಷ್ಯರ ಗಡಿಯಾರಕ್ಕೆ ಅದರಿಂದ ಗಂಟೆ ಎಣಿಸಿಕೊಡಲು ಬರುವುದಿಲ್ಲ. 15 ಗಂಟೆಗೆ ತಲೆ ಸುತ್ತಿದರೆ ತಿನ್ನಿ, ಏನೂ ಕಳೆದುಹೋಗುವುದಿಲ್ಲ.

ಉಪವಾಸದ ಹೊತ್ತಿನಲ್ಲಿ ನೀರು, ಹಾಲು ಸಕ್ಕರೆ ಇಲ್ಲದ ಚಹಾ ಅಥವಾ ಕಾಫಿ. ಹಸಿವನ್ನು ಕಾಫಿಯಿಂದ ತಳ್ಳುತ್ತಾ ಹೋದರೆ ರಾತ್ರಿ ನಿದ್ರೆ ಹೋಗುತ್ತದೆ. ಕೆಫೀನ್‌ನ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು, ಆದ್ದರಿಂದ ಮಧ್ಯಾಹ್ನದ ಮೇಲೆ ಬೇಡ. ಉಪವಾಸ ಮುರಿಯಲು ವಿಶೇಷ ಶಾಸ್ತ್ರವೇನೂ ಇಲ್ಲ. ಖಾಲಿ ಹೊಟ್ಟೆಗೆ ದೊಡ್ಡ ಬಟ್ಟಲು ಹಸಿ ತರಕಾರಿ ಹಾಕಿದರೆ ಗ್ಯಾಸ್ ಆಗುತ್ತದೆ, ಬೇಯಿಸಿದ್ದು ವಾಸಿ. ಮೊದಲು ಮೊಟ್ಟೆಯೋ ಮೀನೋ, ಆಮೇಲೆ ಗೆಣಸು, ಬೀಜಗಳು ಕೊನೆಗೆ.

ಧಾನ್ಯ, ಬೇಳೆ ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಸಾಮಾನ್ಯ. ಅವುಗಳಿಂದ ಬರುತ್ತಿದ್ದ ನಾರು ಒಮ್ಮೆಗೇ ನಿಂತುಹೋಗಿರುತ್ತದೆ. ಮೇಲೆ ಹೇಳಿದ ಅರ್ಧ ಕೆಜಿ ತರಕಾರಿ ಅಲಂಕಾರಕ್ಕಲ್ಲ. ಬಾಯಿಯಿಂದ ಅಸಿಟೋನ್ ವಾಸನೆ ಬಂದರೆ ಕಾರ್ಬ್ ತೀರಾ ಇಳಿದಿದೆ ಎಂದರ್ಥ, ಗೆಣಸನ್ನು 100 ಗ್ರಾಂ ಏರಿಸಿ.

ವ್ಯಾಯಾಮವನ್ನು ಎಲ್ಲಿ ಕೂರಿಸುವುದು

ನಡಿಗೆ ಖಾಲಿ ಹೊಟ್ಟೆಗೆ ಚೆನ್ನಾಗಿ ಹೊಂದುತ್ತದೆ. ದಿನಕ್ಕೆ 40 ನಿಮಿಷ, ಮಾತಾಡಲು ಆಗುವಷ್ಟು ವೇಗ. ಭಾರ ಎತ್ತುವುದು ಹಾಗಲ್ಲ. ಅದಕ್ಕೆ ಇಂಧನ ಮುಖ್ಯವಾಗಿ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು. ಹಿಂದಿನ ದಿನ ಸರಿಯಾಗಿ ಪಿಷ್ಟ ತಿಂದಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಅದು ಇರುತ್ತದೆ, ತಿನ್ನದಿದ್ದರೆ ಮೂರನೇ ಸೆಟ್‌ಗೇ (ನಡುವೆ ನಿಲ್ಲದೆ ಎತ್ತುವ ಒಂದು ಸುತ್ತಿಗೆ ಸೆಟ್ ಎನ್ನುತ್ತಾರೆ) ಗೊತ್ತಾಗುತ್ತದೆ. ನನ್ನ ಮೆಚ್ಚಿನ ಹೊತ್ತು ಸಂಜೆ ಐದು: ಆಗಲೇ ಒಂದು ಊಟ ಆಗಿರುತ್ತದೆ, ಮುಗಿಸಿ ಬಂದರೆ ಇನ್ನೊಂದು ಕಾದಿರುತ್ತದೆ. ಬೆಳಿಗ್ಗೆಯೇ ಆಗಬೇಕಿದ್ದರೆ ಒಂಬತ್ತೂವರೆಗೆ ಶುರುಮಾಡಿ 11ಕ್ಕೆ ಊಟಕ್ಕೆ ಕೂರುವಂತೆ ಹೊಂದಿಸಿ. ಬೆಳಗಿನ ಆರಕ್ಕೆ ಎತ್ತಿ 11ರವರೆಗೆ ಖಾಲಿ ಕೂರುವುದು ಅತ್ಯಂತ ಕೆಟ್ಟ ಜೋಡಣೆ.

ವಾರದ ಮೂರು ದಿನ, ತಲಾ 45 ನಿಮಿಷ. ಒಂದು ದಿನ ಸ್ಕ್ವಾಟ್ (ಭಾರ ಹೊತ್ತು ಬೈಠಕ್), ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು) ಅಥವಾ ದಂಡ, ರೋ (ಬಾಗಿ ಭಾರವನ್ನು ಹೊಟ್ಟೆಯತ್ತ ಎಳೆಯುವುದು). ಮುಂದಿನ ಸರದಿ ಡೆಡ್‌ಲಿಫ್ಟ್ (ನೆಲದ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು), ತಲೆಮೇಲಿನ ಪ್ರೆಸ್, ಪುಲ್‌ಅಪ್ (ಕಂಬಿ ಹಿಡಿದು ಮೈಯನ್ನು ಮೇಲೆಳೆಯುವುದು). ತಲಾ ಮೂರು ಸೆಟ್, ಐದರಿಂದ ಎಂಟು ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಡೆಡ್‌ಲಿಫ್ಟ್ ಮಾತ್ರ ಎರಡೇ ಸೆಟ್. ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ, ಪ್ರತಿ ಸೆಟ್ಟಿನಲ್ಲಿ ಇನ್ನೂ ಒಂದೆರಡು ರೆಪ್ ಮಾಡಬಹುದಿತ್ತು ಎನ್ನುವಾಗಲೇ ನಿಲ್ಲಿಸುವುದು. ಉಪವಾಸದ ಗಂಟೆ ಏರಿಸಿದ ವಾರ ಎತ್ತುವ ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸುತ್ತೇನೆ. ವೇಗದ ಓಟ ವಾರಕ್ಕೊಮ್ಮೆ ಸಾಕು: ಏರಿನಲ್ಲಿ 20 ಸೆಕೆಂಡ್ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರು ಸಲ, ಹಗಲಿನ ಊಟ ಆದ ಮೇಲೆ ಸಂಜೆಯಲ್ಲಿ. ತಲೆ ತಿರುಗಿದರೆ ಅಲ್ಲೇ ಕುಳಿತು ಒಂದು ಬಾಳೆಹಣ್ಣು, ಉಪ್ಪುನೀರು. ಅಂದಿನ ಉಪವಾಸ ಅಲ್ಲಿಗೆ ಮುಗಿಯಿತು. ಎದೆ ಡವಗುಟ್ಟುವುದು ನಿಲ್ಲದಿದ್ದರೆ, ಪ್ರಜ್ಞೆ ತಪ್ಪಿದರೆ ವೈದ್ಯರ ಬಳಿ ಹೋಗಬೇಕು.

ಅಳೆಯುವುದು

ಮೊದಲ ವಾರ ತೂಕ ಒಂದೆರಡು ಕೆಜಿ ಇಳಿಯುವುದು ಕೊಬ್ಬಲ್ಲ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ, ಕೂಡಿಟ್ಟದ್ದು ಕರಗಿದಾಗ ನೀರೂ ಹೋಗುತ್ತದೆ. ಹಾಗೆಯೇ ಗೆಣಸು ಹೆಚ್ಚು ತಿಂದ ಮರುದಿನ ಒಂದು ಕೆಜಿ ಏರಿದರೂ ಗಾಬರಿ ಬೇಡ. ದಿನವೂ ತೂಗಿ ವಾರದ ಸರಾಸರಿಯನ್ನು ಮಾತ್ರ ನೋಡಬೇಕು, ಜೊತೆಗೆ ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ. ವಾರಕ್ಕೆ ದೇಹದ ತೂಕದ ನೂರಕ್ಕೆ ಅರ್ಧದಿಂದ ಒಂದು ಭಾಗ ಇಳಿಯುವುದು ಸರಿಯಾದ ವೇಗ. ಅದಕ್ಕಿಂತ ತುಂಬಾ ವೇಗವಾಗಿ ಇಳಿದರೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವವೂ ಹೆಚ್ಚು.

ಎತ್ತುವ ತೂಕ ಎರಡು ವಾರ ಸತತ ಇಳಿದರೆ, ಬೆಳಗಿನ ನಾಡಿ ಎಂದಿಗಿಂತ ಏರಿದರೆ, ನಡುರಾತ್ರಿ ಎಚ್ಚರವಾಗತೊಡಗಿದರೆ, ಸದಾ ಚಳಿ ಎನಿಸಿದರೆ ಉಪವಾಸವನ್ನು 12 ಗಂಟೆಗೆ ಇಳಿಸಿ ಎರಡು ವಾರ ಮೂರು ಊಟ ಮಾಡುತ್ತೇನೆ. ವ್ಯಾಯಾಮ ಬಿಡುವುದಿಲ್ಲ, ಊಟ ಕಡಿಮೆ ಮಾಡುವುದಿಲ್ಲ. ಮೂರರಲ್ಲಿ ಮೊದಲು ಬಿಟ್ಟುಕೊಡಬೇಕಾದದ್ದು ಉಪವಾಸವೇ. ಹೆಂಗಸರಲ್ಲಿ ಮುಟ್ಟು ತಪ್ಪುವುದು ಇದೇ ಕೊರತೆಯ ಬಲವಾದ ಸೂಚನೆ. ಎರಡು ವಾರ ಕಾಯದೆ ಅಂದೇ ಉಪವಾಸ ನಿಲ್ಲಿಸಿ ಪರೀಕ್ಷಿಸಿಕೊಳ್ಳಬೇಕು.

ಶುರುವಿಗೆ ಮೊದಲು ಮತ್ತು ಮೂರು ತಿಂಗಳ ಮೇಲೆ ರಕ್ತಪರೀಕ್ಷೆ: ಕೊಲೆಸ್ಟ್ರಾಲ್ ಪಟ್ಟಿ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಯೂರಿಕ್ ಆಮ್ಲ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ), ಫೆರಿಟಿನ್ (ಕಬ್ಬಿಣದ ದಾಸ್ತಾನು), ವಿಟಮಿನ್ ಡಿ. ಕೆಲವರಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಗಣನೀಯವಾಗಿ ಏರುತ್ತದೆ. ಹಾಗಾದರೆ ಕೊಬ್ಬಿನ ಮಾಂಸ, ತೆಂಗಿನೆಣ್ಣೆ ಇಳಿಸಿ ಮೀನು, ಬೀಜಗಳು, ಆಲಿವ್ ಎಣ್ಣೆಗೆ ಬದಲಾಯಿಸಿ ಮತ್ತೆ ನೋಡಬೇಕು. ತೂಕ ಇಳಿಯುತ್ತಿರುವಾಗ ಕೊಲೆಸ್ಟ್ರಾಲ್ ಏರುಪೇರಾಗುವುದುಂಟು, ಆದ್ದರಿಂದ ತೂಕ ಒಂದು ಕಡೆ ನಿಂತ ಮೇಲಿನ ಅಂಕಿಯೇ ಹೆಚ್ಚು ನಂಬಿಕೆಗೆ ಅರ್ಹ. ರಕ್ತ ಕೊಡುವ ಹಿಂದಿನ ಎರಡು ಮೂರು ದಿನ ಭಾರ ಎತ್ತಬೇಡಿ. ದಣಿದ ಸ್ನಾಯುವಿನಿಂದ ಕ್ರಿಯಾಟಿನಿನ್ ಮತ್ತು ಎಎಸ್‌ಟಿ (ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಕಿಣ್ವ) ಏರಿ, ಮೂತ್ರಪಿಂಡಕ್ಕೋ ಯಕೃತ್ತಿಗೋ ಏನೋ ಆಗಿದೆ ಎಂಬಂತೆ ವರದಿ ಬರುತ್ತದೆ.