ಮಾರ್ಚ್ 1ಕ್ಕೆ ಮರ್ತ್ಸಿಶೋರ್: ಕೈಯಲ್ಲೇ ಹೊಸೆಯುವುದು ಹೇಗೆ?

ಫೆಬ್ರವರಿ ಕೊನೆಗೆ ರೊಮೇನಿಯಾದ ಯಾಶ್ ಊರಿನ ಬೀದಿಗಳ ತುಂಬ ಪುಟ್ಟ ಮೇಜುಗಳು ಬರುತ್ತವೆ. ಮೇಲೆಲ್ಲ ಕೆಂಪು-ಬಿಳಿ ದಾರ. ಅದಕ್ಕೆ ನಾಲ್ಕೆಲೆಯ ಕ್ಲೋವರ್, ಕುದುರೆ ಲಾಳ, ಚಿಮಣಿ ಗುಡಿಸುವವನ ಗೊಂಬೆ ನೇತಾಡುತ್ತಿರುತ್ತವೆ. ರೊಮೇನಿಯಾದಲ್ಲಿ ಮಾರ್ಚ್ 1ರಂದು ಒಬ್ಬರಿಗೊಬ್ಬರು ಕೊಡುವ ಮರ್ತ್ಸಿಶೋರ್ ಇದೇ. ಕೆಲವೇ ಲೇಯಿ (ಅಲ್ಲಿನ ಹಣ) ಕೊಟ್ಟರೆ ಸಿಗುತ್ತದೆ. ಆದರೆ ಗೊಂಬೆ ಬರೀ ಅಲಂಕಾರ, ದಾರವೇ ಮುಖ್ಯ ಅಂತ ನಮ್ಮ ಕೆಳಮನೆ ಅಜ್ಜಿಯ ವಾದ. ನನಗೆ ಹೊಸೆಯಲು ಕಲಿಸಿದವರು ಅವರೇ.

ಹತ್ತಿ ಕಸೂತಿ ದಾರ ತಗೊಳ್ಳಿ. ಕೆಂಪು 80 ಸೆಂಟಿಮೀಟರ್, ಬಿಳಿ ಅಷ್ಟೇ. ಕೆಂಪು ದಾರವನ್ನು ಮೊದಲೇ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು ಒಣಗಿಸಿ. ಮೊದಲ ವರ್ಷ ನಾನು ತೊಳೆದಿರಲಿಲ್ಲ. ಎರಡೇ ದಿನಕ್ಕೆ ಬಿಳಿ ಎಳೆ ಗುಲಾಬಿ ಆಗಿಬಿಟ್ಟಿತು!

ಎರಡನ್ನೂ ಅರ್ಧಕ್ಕೆ ಮಡಿಸಿ, ಒಂದರ ಮಡಿಕೆಯೊಳಗೆ ಇನ್ನೊಂದನ್ನು ತೂರಿಸಿ. ಈಗ ಕೊಂಡಿಯ ಒಂದು ಕಡೆ ಪೂರ್ತಿ ಕೆಂಪು, ಇನ್ನೊಂದು ಕಡೆ ಪೂರ್ತಿ ಬಿಳಿ. ಎರಡೂ ಬಣ್ಣ ಸೇರಿಸಿ ಸುಮ್ನೆ ಹುರಿ ಹಾಕಿದರೆ ಕಲಸುಮೇಲೋಗರ ಆಗುತ್ತದೆ. ಹೀಗೆ ಮಾಡಿದರೆ ಪಟ್ಟೆ ಸ್ಪಷ್ಟವಾಗಿ ಬರುತ್ತದೆ. ಬಿಳಿಯ ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ. ಕೆಂಪು ತುದಿಗೆ ಪೆನ್ಸಿಲ್ ಕಟ್ಟಿ ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಎಷ್ಟು ಸುತ್ತು ಅಂತ ಎಣಿಸಬೇಡಿ. ಸ್ವಲ್ಪ ಸಡಿಲ ಬಿಟ್ಟಾಗ ದಾರ ತಾನಾಗಿ ಮುರುಟಿಕೊಂಡರೆ ಸಾಕು. ಆಗ ಕೊಂಡಿಯನ್ನು ಬೆರಳಲ್ಲಿ ಹಿಡಿದು, ದಾರ ಬಿಗಿಯಾಗಿಯೇ ಇರುವಂತೆ ಎರಡು ತುದಿಗಳನ್ನೂ ಜೋಡಿಸಿ. ಆಮೇಲೆ ಕೊಂಡಿ ಬಿಡಿ. ಎಳೆಗಳು ಗಿರ್ರನೆ ಹಿಂದಕ್ಕೆ ತಿರುಗಿ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ತುದಿಗೆ ಗಂಟು ಹಾಕಿ. ಮಣಿಕಟ್ಟಿಗೆ ಕಟ್ಟಲು ಬೇಕಾದಷ್ಟು ಉದ್ದ ಸಿಗುತ್ತದೆ. ಎದೆಗೆ ಪಿನ್ ಮಾಡುವುದಾದರೆ ರಿಬ್ಬನ್ ಕಟ್ಟುವ ಹಾಗೆ ಬೋ ಕಟ್ಟಿ, ಒಂದು ತುದಿಗೆ ಕೆಂಪು, ಇನ್ನೊಂದಕ್ಕೆ ಬಿಳಿ ಕುಚ್ಚು ಸೇರಿಸಿ.

ಯಾರಿಗೆ ಕೊಡಬೇಕು ಅನ್ನುವುದರಲ್ಲಿ ಎಡವಬೇಡಿ. ರೊಮೇನಿಯಾದ ಹೆಚ್ಚಿನ ಕಡೆ ಗಂಡಸರು ಹೆಂಗಸರಿಗೆ ಕೊಡುತ್ತಾರೆ. ಯಾಶ್ ಇರುವ ಮೊಲ್ದೋವಾ ಭಾಗದಲ್ಲಿ ಹೆಂಗಸರೂ ಗಂಡಸರಿಗೆ ಕೊಡುತ್ತಾರೆ. ಇದು ಗೊತ್ತಿಲ್ಲದೆ ನಾನು ಆಫೀಸಿನ ಗೆಳತಿಯರಿಗಷ್ಟೇ ಹಂಚಿದ್ದೆ. ಪಕ್ಕದ ಮೇಜಿನವನ ಸಪ್ಪೆ ಮುಖ ಇನ್ನೂ ಕಣ್ಣ ಮುಂದಿದೆ.

ಅದೇ ದಿನ ನಿಮ್ಮ 'ಬಾಬ'ವನ್ನೂ ಆರಿಸಿಕೊಳ್ಳಿ. ಬಾಬ ಅಂದರೆ ಅಜ್ಜಿ. ಬಾಬ ದೋಕಿಯ ಎಂಬ ಮುದುಕಿ ಒಂಬತ್ತು ಕೋಟು (ಕೆಲವರ ಬಾಯಲ್ಲಿ ಹನ್ನೆರಡು) ಹಾಕಿಕೊಂಡು ಬೆಟ್ಟ ಹತ್ತಿದಳಂತೆ. ಬಿಸಿಲು ಕಂಡು ಒಂದೊಂದೇ ಬಿಚ್ಚಿ ಎಸೆದಳು, ಕೊನೆಗೆ ಚಳಿ ಮರಳಿ ಬಂದು ಹೆಪ್ಪುಗಟ್ಟಿದಳು. ಅವಳ ಒಂಬತ್ತು ಕೋಟಿನ ಲೆಕ್ಕಕ್ಕೆ ಮಾರ್ಚ್ 1ರಿಂದ 9ರವರೆಗಿನ ದಿನಗಳಿಗೂ ಬಾಬ ಅಂತಲೇ ಹೆಸರು. ಅದರಲ್ಲಿ ಒಂದು ದಿನ ನಿಮ್ಮದು. ಆ ದಿನದ ಹವೆ ಹೇಗೋ ನಿಮ್ಮ ವರ್ಷ ಹಾಗೆ. ಹುಟ್ಟಿದ ದಿನದ ಅಂಕಿ ಕೂಡಿಸಿಯೂ ಆರಿಸುತ್ತಾರೆ: 17ಕ್ಕೆ ಹುಟ್ಟಿದ್ದರೆ 8. ನನ್ನದು 4. ಕಳೆದ ಸಲ ಅವತ್ತು ಬೆಳಿಗ್ಗೆ ಹಿಮ, ಮಧ್ಯಾಹ್ನ ಬಿಸಿಲು. ಏನು ಅರ್ಥ ಮಾಡಿಕೊಳ್ಳೋದು, ಅಲ್ವಾ?

9ಕ್ಕೆ ಮುಚೆನಿಚ್. ಎಂಟರ ಆಕಾರದ ಬನ್ನಿಗೆ ಜೇನು ಸವರಿ, ಅಕ್ರೋಟ್ ಪುಡಿ ಉದುರಿಸಿದ ತಿಂಡಿ. ದಕ್ಷಿಣದ ಕಡೆ ಪುಟ್ಟಪುಟ್ಟ ಎಂಟುಗಳನ್ನು ಸಕ್ಕರೆ ನೀರಿನಲ್ಲಿ ಬೇಯಿಸುತ್ತಾರೆ. ನನ್ನ ಓಟು ಜೇನಿನದಕ್ಕೇ.

ದಾರವನ್ನು ತಿಂಗಳ ಕೊನೆವರೆಗೂ ತೆಗೆಯಬೇಡಿ. ಆಮೇಲೆ ಹೂ ಬಿಟ್ಟ ಹಣ್ಣಿನ ಮರಕ್ಕೆ ಕಟ್ಟಿ. ನಮ್ಮ ಕಟ್ಟಡದ ಹಿಂದೆ ಒಂದು ಪ್ಲಮ್ ಮರ ಇದೆ. ಗಂಟು ಸಡಿಲ ಇರಲಿ, ಕೊಂಬೆ ದಪ್ಪ ಆಗುತ್ತದೆ.