ಕಳೆ ತುಂಬಿದ ಕೆರೆಯಲ್ಲಿ ಬಾಸ್ ಮೀನು ಹಿಡಿಯಲು: ಮೊದಲು ದಾರ, ಆಮೇಲೆ ರಾಡ್, ಕೊನೆಗೆ ರೀಲ್

ಫ್ಲೋರಿಡಾದ ಒರ್ಲ್ಯಾಂಡೊ ಸುತ್ತಮುತ್ತ ಈಗ ಕನ್ನಡ ಮಾತಾಡುವ ಮನೆಗಳು ಸಾಕಷ್ಟಿವೆ. ಅಲ್ಲಿ ಮೀನಿನ ಹುಚ್ಚು ಹತ್ತಿದವರು ನನ್ನನ್ನು ಮೊದಲು ಕೇಳುವುದು, "ಯಾವ ರಾಡ್ ತಗೊಳ್ಳಲಿ?" ಅಂತ. ನಾನು ತಿರುಗಿ ಕೇಳುತ್ತೇನೆ: "ಗಾಳ ಎಲ್ಲಿ ಹಾಕ್ತೀರಾ? ತಿಳಿ ನೀರಿಗೋ, ಕಳೆಗೋ?" ಕಳೆಗೆ ಅಂದರೆ ರಾಡ್‌ನಿಂದ, ಅಂದರೆ ಗಾಳದ ಕೋಲಿನಿಂದ, ಶುರು ಮಾಡಬೇಡಿ. ದಾರದಿಂದ ಶುರು ಮಾಡಿ. ದಾರಕ್ಕೆ ತಕ್ಕ ರಾಡ್, ರಾಡ್‌ಗೆ ತಕ್ಕ ರೀಲ್ (ದಾರ ಸುತ್ತುವ ಯಂತ್ರ). ಅಂಗಡಿಯವರು ಸಾಮಾನ್ಯವಾಗಿ ಇದನ್ನು ತಲೆಕೆಳಗೆ ಮಾಡುತ್ತಾರೆ. ದುಬಾರಿ ರೀಲ್ ತೋರಿಸಿ, ಕೊನೆಗೆ ಯಾವುದೋ ಒಂದು ದಾರ ಸುತ್ತಿ ಕೊಡುತ್ತಾರೆ.

ಈ ಊರಿನಲ್ಲಿ ಕಳೆ ಬಿಟ್ಟು ಬಾಸ್ ಇಲ್ಲ ಅಂತಲೇ ಹೇಳಬಹುದು. ಕಿಸ್ಸಿಮ್ಮಿ ಊರಿಗೆ ಅಂಟಿಕೊಂಡಿರುವ ಟೋಹೊ ಕೆರೆಯನ್ನೇ ನೋಡಿ. ಅಂಚಿನಲ್ಲೆಲ್ಲಾ ಜೊಂಡು, ನೈದಿಲೆ ಎಲೆ, ಅದರ ಆಚೆ ನೀರಿನೊಳಗೆ ಹೈಡ್ರಿಲ್ಲಾ. ದಕ್ಷಿಣದ ಒಕಿಚೋಬಿ ಕೆರೆ ಸುಮಾರು 1,900 ಚದರ ಕಿಲೋಮೀಟರ್ ಹರಡಿಕೊಂಡಿದ್ದರೂ ಸರಾಸರಿ ಆಳ 9 ಅಡಿಯಷ್ಟೇ. ಆಳ ಕಡಿಮೆ, ಬಿಸಿಲು ಜಾಸ್ತಿ, ಹಾಗಾಗಿ ಕಳೆ ಹುಲುಸಾಗಿ ಬೆಳೆಯುತ್ತದೆ. ಕಳೆಯಲ್ಲಿ ನೆರಳಿದೆ, ಮರಿಮೀನುಗಳಿವೆ, ಕಪ್ಪೆಗಳಿವೆ. ಬಾಸ್ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಅಡಗಿ ಕೂತು ಹಾರುವ ಮೀನು. ಅದಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ?

ಅಂದಹಾಗೆ, ಆ ಹೈಡ್ರಿಲ್ಲಾ ನಮ್ಮ ಕಡೆಯದೇ ಗಿಡ. ಏಷ್ಯಾದಿಂದ ಅಕ್ವೇರಿಯಂ ವ್ಯಾಪಾರದ ಮೂಲಕ 1950ರ ದಶಕದಲ್ಲಿ ಫ್ಲೋರಿಡಾಕ್ಕೆ ಬಂತು. ಈಗ ಸರ್ಕಾರ ಅದನ್ನು ಹತೋಟಿಯಲ್ಲಿಡಲು ಒದ್ದಾಡುತ್ತಿದೆ. ಬಾಸ್‌ಗಂತೂ ಅದು ತುಂಬಾ ಇಷ್ಟ.

ದಾರ: ಕಳೆಯ ಕಾಂಡ ನೋಡಿ ಆರಿಸಿ

ಮೂರು ಬಗೆಯ ದಾರ ಸಿಗುತ್ತದೆ. ಊರಲ್ಲಿ ತಂಗೂಸಿ ಅನ್ನುತ್ತೀವಲ್ಲ, ಅದು ಮೋನೊ. ಎರಡನೆಯದು ಫ್ಲೋರೋಕಾರ್ಬನ್. ಮೂರನೆಯದು ಸಣ್ಣ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್.

ದಟ್ಟ ಕಳೆಗೆ ಮೋನೊ ಬೇಡ. ಅದು ಎಳೆದಷ್ಟೂ ಹಿಗ್ಗುತ್ತದೆ. ನೀವು ಜೋರಾಗಿ ಎಳೆದ ಬಲದಲ್ಲಿ ಸಾಕಷ್ಟು ಪಾಲು ದಾರವನ್ನು ಹಿಗ್ಗಿಸುವುದಕ್ಕೇ ಹೋಗುತ್ತದೆ. ಕೊಕ್ಕೆ ಮೀನಿನ ಬಾಯಿಗೆ ನಾಟುವ ಹೊತ್ತಿಗೆ ಮೀನು ಕಳೆಯ ಬುಡ ಸೇರಿರುತ್ತದೆ.

ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಜೊತೆಗೆ ಸಪೂರ. 65 ಪೌಂಡ್, ಅಂದರೆ ಸುಮಾರು 29 ಕಿಲೋ ತಡೆಯುವ ಪವರ್‌ಪ್ರೊ ಬ್ರೇಡ್ ದಪ್ಪದಲ್ಲಿ 16 ಪೌಂಡಿನ ಮೋನೊದಷ್ಟೇ ಇರುತ್ತದೆ. ಡಬ್ಬಿಯ ಮೇಲೆ ಎರಡೂ ಅಂಕಿ ಬರೆದಿರುತ್ತಾರೆ, ನೋಡಿ ತಗೊಳ್ಳಿ. ಹೈಡ್ರಿಲ್ಲಾದಂಥ ಮೆತ್ತನೆಯ ಕಾಂಡವನ್ನು ಈ ದಾರ ಗರಗಸ ಎಳೆದ ಹಾಗೆ ಕೊಯ್ದುಕೊಂಡು ಬರುತ್ತದೆ. ನೀರಿನ ಮೇಲೆ ತೇಲುವುದರಿಂದ ಕಪ್ಪೆ ಆಕಾರದ ಲೂರ್‌ಗೂ (ಕೃತಕ ಎರೆಗೂ) ಒಳ್ಳೆಯದು. ಫ್ಲೋರೋಕಾರ್ಬನ್ ಮುಳುಗುವ ದಾರ. ಅದಕ್ಕೆ ಕಪ್ಪೆ ಕಟ್ಟಿದರೆ ಮೂತಿಯನ್ನು ಕೆಳಗೆ ಎಳೆಯುತ್ತದೆ.

ಹಾಗಂತ ಎಲ್ಲಾ ಕಳೆಗೂ ಬ್ರೇಡ್ ಅನ್ನಬೇಡಿ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಬುಲ್‌ರಶ್ ಅನ್ನುವ ಜೊಂಡಿನ ಕಾಂಡ ದುಂಡಗೆ, ಗಟ್ಟಿಯಾಗಿರುತ್ತದೆ. ಬ್ರೇಡ್ ಅದನ್ನು ಪೂರ್ತಿ ಕೊಯ್ಯದೆ ಅರ್ಧಕ್ಕೆ ಕಚ್ಚಿಕೊಂಡು ನಿಂತುಬಿಡುತ್ತದೆ. ಮೀನು ಆ ಕಡೆ, ನೀವು ಈ ಕಡೆ, ನಡುವೆ ಜೊಂಡು. ಮುಳುಗಿದ ಮರದ ಕೊಂಬೆಯಲ್ಲೂ ಇದೇ ಗತಿ. ಅಂಥ ಕಡೆ ನಾನು 20ರಿಂದ 25 ಪೌಂಡಿನ ಫ್ಲೋರೋಕಾರ್ಬನ್ ಹಾಕುತ್ತೇನೆ. ಅದರ ಮೈ ಗಟ್ಟಿ, ನುಣುಪು. ಕಾಂಡದ ಮೇಲೆ ಜಾರುತ್ತದೆ. ಅದಕ್ಕೇ ಹೊಸ ಜಾಗಕ್ಕೆ ಹೋದರೆ ದಡದಲ್ಲಿರುವ ಒಂದು ಕಾಂಡವನ್ನು ಉಗುರಿನಿಂದ ಒತ್ತಿ ನೋಡಿ. ಸುಲಭವಾಗಿ ಕತ್ತರಿಸಿದರೆ ಬ್ರೇಡ್. ಉಗುರು ಇಳಿಯದಿದ್ದರೆ ಫ್ಲೋರೋಕಾರ್ಬನ್.

ತೂಕದ ಲೆಕ್ಕ ಹೀಗೆ. ಅಲ್ಲಲ್ಲಿ ನೈದಿಲೆ ಎಲೆ, ನಡುವೆ ನೀರು ಕಾಣುತ್ತಿದ್ದರೆ 50 ಪೌಂಡ್ ಬ್ರೇಡ್ ಸಾಕು. ನೀರೇ ಕಾಣದ ಹಾಗೆ ಮುಚ್ಚಿಕೊಂಡಿದ್ದರೆ 65. ಭಾರವಾದ ಟಂಗ್‌ಸ್ಟನ್ ಗುಂಡು ಕಟ್ಟಿ ಕಳೆಯ ಚಾಪೆಯನ್ನೇ ತೂತು ಮಾಡಿ ಇಳಿಸುವುದಿದೆಯಲ್ಲ, ಪಂಚಿಂಗ್, ಅದಕ್ಕೆ 65 ಅಥವಾ 80. ಒಂದೇ ಡಬ್ಬಿ ಕೊಳ್ಳುವವರು 65 ತಗೊಳ್ಳಿ, ಕಡು ಹಸಿರು ಬಣ್ಣದ್ದು.

ಒಂದೂವರೆ ಕೇಜಿಯ ಮೀನಿಗೆ 29 ಕಿಲೋ ತಡೆಯುವ ದಾರ ಅತಿಯಾಯಿತು ಅಂತ ಕೆಲವರು ಅನ್ನುತ್ತಾರೆ. ದಾರ ಎಳೆಯುತ್ತಿರುವುದು ಬರೀ ಮೀನನ್ನಲ್ಲ. ಅದು ಸುತ್ತಿಕೊಂಡು ಬರುವ ಕಳೆಯೇ ಮೀನಿಗಿಂತ ಎಷ್ಟೋ ಪಾಲು ಭಾರ ಇರುತ್ತದೆ. ದಾರ ಹರಿದರೆ ನಿಮಗೆ ಹೋಗುವುದು ಒಂದು ಲೂರ್. ಮೀನು ಮಾತ್ರ ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು, ದಾರದ ತುಂಡು ಕಳೆಗೆ ಸಿಕ್ಕಿ, ಕಟ್ಟಿಹಾಕಿದ ಹಾಗೆ ಅಲ್ಲೇ ಸಾಯುತ್ತದೆ. ಕಳೆಯಲ್ಲಿ ತೆಳು ದಾರ ಹಾಕುವುದು ಜಾಣತನ ಅಲ್ಲ, ಮೀನಿಗೆ ಮಾಡುವ ಅನ್ಯಾಯ.

ರಾಡ್

ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಉದ್ದ, ಪವರ್, ಆ್ಯಕ್ಷನ್, ಎಷ್ಟು ತೂಕದ ಲೂರ್, ಎಷ್ಟು ಪೌಂಡ್ ದಾರ ಅಂತ ಬರೆದಿರುತ್ತದೆ. ಪವರ್ ಅಂದರೆ ರಾಡ್ ಬಗ್ಗಲು ಎಷ್ಟು ಬಲ ಬೇಕು ಅನ್ನುವುದು. ಆ್ಯಕ್ಷನ್ ಅಂದರೆ ಎಲ್ಲಿಂದ ಬಗ್ಗುತ್ತದೆ ಅನ್ನುವುದು. ಫಾಸ್ಟ್ ಅಂತಿದ್ದರೆ ತುದಿ ಮಾತ್ರ ಬಗ್ಗಿ ಉಳಿದದ್ದು ನೆಟ್ಟಗಿರುತ್ತದೆ.

ಕಪ್ಪೆ ಲೂರ್‌ಗೆ ನನ್ನ ಆಯ್ಕೆ 7 ಅಡಿ 3 ಇಂಚು ಅಥವಾ 7 ಅಡಿ 4 ಇಂಚು, ಹೆವಿ ಪವರ್, ಫಾಸ್ಟ್ ಆ್ಯಕ್ಷನ್. ತುದಿ ಸ್ವಲ್ಪ ಮೆತ್ತಗಿದ್ದರೆ ಮಾತ್ರ ಅರ್ಧ ಔನ್ಸಿನ ಕಪ್ಪೆ ದೂರ ಹೋಗುತ್ತದೆ. ಅದನ್ನು ಎಡಕ್ಕೆ ಬಲಕ್ಕೆ ಆಡಿಸಲೂ ಆಗುತ್ತದೆ. ಬುಡ ಮಾತ್ರ ಬಗ್ಗಬಾರದು, ಮೀನನ್ನು ಕಳೆಯಿಂದ ಮೇಲೆತ್ತುವುದು ಆ ಬುಡವೇ. ಪಂಚಿಂಗ್‌ಗೆ ಇದು ಸಾಲದು. 1ರಿಂದ 2 ಔನ್ಸ್ ತೂಕ ಇಳಿಸಿ ನೇರ ಮೇಲಕ್ಕೆ ಎಳೆಯಬೇಕು. ಅದಕ್ಕೆ 7 ಅಡಿ 6 ಇಂಚಿನಿಂದ 8 ಅಡಿ ಉದ್ದದ ಎಕ್ಸ್‌ಟ್ರಾ ಹೆವಿ ಬೇಕು.

ಅಂಗಡಿಯಲ್ಲಿ ಹಿಡಿದು ನೋಡುವಾಗ ಹಿಂಬದಿಯ ಹಿಡಿಯನ್ನು ಮೊಣಕೈ ಕೆಳಗೆ ಒತ್ತಿಟ್ಟುಕೊಳ್ಳಿ. ಗಿಡ್ಡ ಹಿಡಿಯಾದರೆ ದಿನವಿಡೀ ಎಸೆದ ಮೇಲೆ ಮಣಿಕಟ್ಟು ನೋಯುತ್ತದೆ. ರೀಲ್ ಹಾಕಿ ನೋಡಿ. ತುದಿ ಭಾರವಾಗಿ ಕೆಳಗೆ ಜೋತರೆ ಕಪ್ಪೆ ಆಡಿಸುವುದು ಕಷ್ಟ. ಉಂಗುರಗಳ ಒಳಗಿನ ಪಿಂಗಾಣಿ ಬಳೆಗಳಲ್ಲಿ ಬಿರುಕಿದೆಯಾ ಅಂತ ಹತ್ತಿಯ ತುಂಡು ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಆ ರಾಡ್ ಬೇಡ, ಬ್ರೇಡನ್ನು ತಿಂದುಹಾಕುತ್ತದೆ.

ಎಷ್ಟೇ ಗಟ್ಟಿ ರಾಡ್ ಆದರೂ ನೆಟ್ಟಗೆ ತಲೆಯ ಮೇಲೆ ಎತ್ತಿ ಮೀನನ್ನು ದೋಣಿಗೆ ಹಾರಿಸಬೇಡಿ. ದಾರ ಹಿಗ್ಗುವುದಿಲ್ಲ, ಡ್ರ್ಯಾಗ್ (ಮೀನು ಜಗ್ಗಿದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕ್) ಬಿಗಿಯಾಗಿದೆ. ಉಳಿದದ್ದು ರಾಡ್ ಒಂದೇ. ಮುರಿಯುವುದು ಅದೇ.

ರೀಲ್

ಕಳೆಗೆ ಬೇಟ್‌ಕಾಸ್ಟರ್ ಬೇಕು, ಅಂದರೆ ರಾಡ್‌ನ ಮೇಲ್ಗಡೆ ಕೂರುವ, ಎಸೆದಾಗ ಸ್ಪೂಲ್ (ದಾರದ ಉರುಳೆ) ತಿರುಗುವ ರೀಲ್. ಹಲ್ಲಿನ ಅನುಪಾತ, ಅಂದರೆ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು, 7.1:1ರಿಂದ 8.1:1ರೊಳಗೆ ಇರಲಿ. ಬಾಸ್ ಕಪ್ಪೆಯನ್ನು ನುಂಗಿ ನಿಮ್ಮ ಕಡೆಗೇ ಬಂದರೆ ಸಡಿಲ ದಾರ ಬೇಗ ಸುತ್ತಬೇಕಲ್ವಾ, ಅದಕ್ಕೆ. ಅನುಪಾತ ಹೆಚ್ಚಾದಷ್ಟೂ ವೇಗ ಬರುತ್ತದೆ, ಎಳೆಯುವ ಬಲ ಕಡಿಮೆಯಾಗುತ್ತದೆ. ಹಾಗಾಗಿ ಒಂದೇ ರೀಲ್ ಕೊಳ್ಳುವವರಿಗೆ ನಾನು 7ರ ಆಸುಪಾಸಿನದನ್ನೇ ಹೇಳುವುದು. ಚೌಕಟ್ಟು ಅಲ್ಯೂಮಿನಿಯಂ ಇರಲಿ. ಭಾರ ಬಿದ್ದಾಗ ಪ್ಲಾಸ್ಟಿಕ್ ಚೌಕಟ್ಟು ತುಸು ತಿರುಚಿಕೊಂಡು ಹಲ್ಲುಗಳು ಸರಿಯಾಗಿ ಕೂರುವುದಿಲ್ಲ. ಹಿಡಿಕೆ ಉದ್ದ, ಗುಬಟು ದಪ್ಪ ಇರಲಿ, ಒದ್ದೆ ಕೈಯಲ್ಲಿ ಜಾರಬಾರದು. 65 ಪೌಂಡ್ ಬ್ರೇಡ್ ಕನಿಷ್ಠ 100 ಗಜ ಹಿಡಿಯಬೇಕು. ಬೇರಿಂಗ್ ಎಷ್ಟಿವೆ ಅನ್ನುವ ಅಂಕಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಬ್ರೇಡ್ ಸುತ್ತುವ ಮುಂಚೆ ಸ್ಪೂಲ್ ಮೇಲೆ ಹತ್ತು ಗಜ ಮೋನೊ ಸುತ್ತಿ, ಇಲ್ಲವೇ ಒಂದು ಪಟ್ಟಿ ಟೇಪ್ ಅಂಟಿಸಿ. ನೇರವಾಗಿ ಸುತ್ತಿದರೆ ನುಣುಪಾದ ಲೋಹದ ಮೇಲೆ ಇಡೀ ದಾರವೇ ಗುಂಡಗೆ ತಿರುಗುತ್ತದೆ. ಹೊರಗಿನಿಂದ ನೋಡಿದರೆ ಡ್ರ್ಯಾಗ್ ಕೆಟ್ಟಿದೆ ಅನ್ನಿಸುತ್ತದೆ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲ ಬಿಟ್ಟರೆ ಮೊದಲ ದೊಡ್ಡ ಎಳೆತಕ್ಕೇ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಹೂತುಹೋಗುತ್ತದೆ. ಮುಂದಿನ ಎಸೆತಕ್ಕೆ ಲೂರ್ ಅರ್ಧ ದಾರಿಯಲ್ಲಿ ಗಕ್ಕನೆ ನಿಲ್ಲುತ್ತದೆ.

ಬೇಟ್‌ಕಾಸ್ಟರ್ ರೂಢಿ ಇಲ್ಲದವರು ಮನೆ ಮುಂದಿನ ಹುಲ್ಲಿನ ಮೇಲೆ, ಕೊಕ್ಕೆ ಇಲ್ಲದ ತೂಕ ಕಟ್ಟಿ ಅಭ್ಯಾಸ ಮಾಡಿ. ಬದಿಯ ತಿರುಪನ್ನು ಎಷ್ಟು ಬಿಗಿ ಮಾಡಬೇಕು ಅಂದರೆ, ಗುಂಡಿ ಒತ್ತಿದಾಗ ತೂಕ ನಿಧಾನವಾಗಿ ಇಳಿದು ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಇದೂ ಕಷ್ಟ ಅನ್ನಿಸಿದರೆ ರಾಡ್ ಕೆಳಗೆ ಕೂರುವ, ಎಸೆಯಲು ಸುಲಭವಾದ 4000 ಗಾತ್ರದ ಸ್ಪಿನ್ನಿಂಗ್ ರೀಲ್‌ಗೆ 40 ಪೌಂಡ್ ಬ್ರೇಡ್ ಹಾಕಿ ವಿರಳ ಕಳೆಯಲ್ಲಿ ಶುರು ಮಾಡಬಹುದು. ದಟ್ಟ ಕಳೆಗೆ ಮಾತ್ರ ಅದು ಸಾಲುವುದಿಲ್ಲ.

ಗಂಟು, ಕೊಕ್ಕೆ ಮತ್ತು ಆ ಒಂದು ಕ್ಷಣ

ಬ್ರೇಡ್‌ಗೆ ಪಾಲೋಮಾರ್ ಗಂಟು. ದಾರವನ್ನು ಜೋಡಿ ಮಡಚಿ ಕಣ್ಣಿನಲ್ಲಿ ತೂರಿಸಿ, ಸಾದಾ ಗಂಟು ಹಾಕಿ, ಕುಣಿಕೆಯೊಳಗೆ ಇಡೀ ಲೂರ್ ದಾಟಿಸಿ ಎಳೆಯುವುದು. ಎಳೆಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡಿ. ಪಂಚಿಂಗ್‌ನ ನೆಟ್ಟನೆಯ ಕೊಕ್ಕೆಗೆ ಸ್ನೆಲ್ ಗಂಟು ಒಳ್ಳೆಯದು. ಎಳೆದಾಗ ಕೊಕ್ಕೆ ತಾನೇ ಹೊರಕ್ಕೆ ವಾಲಿ ಮೀನಿನ ಮೇಲ್ದವಡೆಗೆ ನಾಟುತ್ತದೆ. ಕೊಕ್ಕೆಯ ಗಾತ್ರ 4/0 ಅಥವಾ 5/0, ದಪ್ಪ ತಂತಿಯದು. ತೆಳು ತಂತಿಯ ಕೊಕ್ಕೆಯನ್ನು 65 ಪೌಂಡ್ ದಾರ ನೆಟ್ಟಗೆ ಮಾಡಿಬಿಡುತ್ತದೆ.

ಟೊಳ್ಳು ಮೈಯ ಕಪ್ಪೆ ಲೂರ್ ಬಗ್ಗೆ ಹೇಳುವಾಗ ಅಮೆರಿಕದ ಸ್ಪರ್ಧಾ ಮೀನುಗಾರ ಡೀನ್ ರೋಹಾಸ್ ಹೆಸರು ಬಿಡುವಂತಿಲ್ಲ. 2001ರ ಜನವರಿಯಲ್ಲಿ ಇದೇ ಟೋಹೊ ಕೆರೆಯಲ್ಲಿ ಬಾಸ್‌ಮಾಸ್ಟರ್ ಸ್ಪರ್ಧೆಯ ಒಂದೇ ದಿನ ಐದು ಮೀನು ಸೇರಿ 45 ಪೌಂಡ್ 2 ಔನ್ಸ್ ತೂಗಿಸಿದವರು. ಮುಂದೆ ಸ್ಪ್ರೋ ಕಂಪನಿಗೆ ಬ್ರಾಂಜ್‌ಐ ಕಪ್ಪೆಯನ್ನು ವಿನ್ಯಾಸ ಮಾಡಿಕೊಟ್ಟರು. ನನ್ನ ಡಬ್ಬಿಯಲ್ಲಿ ಯಾವಾಗಲೂ ಅದು ಇರುತ್ತದೆ. ಹೊಸದು ತಂದ ಕೂಡಲೇ ಎರಡೂ ಕಾಲಿನ ರಬ್ಬರ್ ಎಳೆಗಳನ್ನು ಸ್ವಲ್ಪ ಕತ್ತರಿಸಿ, ಒಂದನ್ನು ಗಿಡ್ಡ ಮಾಡುತ್ತೇನೆ. ಆಡಿಸಲು ಸುಲಭ.

ಕಳೆಯ ಮೇಲೆ ಧಡಾರನೆ ಸದ್ದಾದಾಗ ಕೈ ತಾನಾಗಿ ಎಳೆಯಲು ಹೋಗುತ್ತದೆ. ತಡೆಯಿರಿ. ರಾಡ್ ತುದಿ ಮೀನಿನ ಕಡೆ ಇಳಿಸಿ, ಸಡಿಲ ಸುತ್ತಿಕೊಳ್ಳಿ. ದಾರದಲ್ಲಿ ಭಾರ ಗೊತ್ತಾದ ಮೇಲೆ ಬಲವಾಗಿ ಮೇಲಕ್ಕೆ ಎಳೆಯಿರಿ. ಆಮೇಲೆ ನಿಲ್ಲಿಸದೆ ಸುತ್ತಿ. ಮೀನಿನ ತಲೆ ಮೇಲೇ ಇರಬೇಕು. ತಲೆ ಕೆಳಗಾಯಿತೋ, ಕಳೆಯೊಳಗೆ ನುಗ್ಗುತ್ತದೆ. ನುಗ್ಗಿಬಿಟ್ಟರೆ ಜಗ್ಗಾಡಬೇಡಿ. ದಾರ ಬಿಗಿಯಾಗಿಟ್ಟುಕೊಂಡು ಕಯಾಕ್ ಅಥವಾ ದೋಣಿಯನ್ನೇ ಅದರ ಹತ್ತಿರ ತಗೊಂಡು ಹೋಗಿ, ಕಳೆ ಬಿಡಿಸಿ ಎತ್ತಿ. ಬ್ರೇಡನ್ನು ಬರಿಗೈಗೆ ಸುತ್ತಿಕೊಂಡು ಎಳೆಯಲೇಬೇಡಿ. ಬೆರಳು ಕೊಯ್ಯುತ್ತದೆ. ದಡದಲ್ಲಿ ನಿಂತು ಹಿಡಿಯುವವರು ಮೊಸಳೆ ಜಾತಿಯ ಆ್ಯಲಿಗೇಟರ್ ನೆನಪಿನಲ್ಲಿಡಿ. ಜೊಂಡಿನೊಳಗೆ ಇಳಿಯಬೇಡಿ, ಮಕ್ಕಳನ್ನು ನೀರಿನಂಚಿಗೆ ಬಿಡಬೇಡಿ.

ಪ್ರತಿ ಸಲ ಮನೆಗೆ ಬಂದ ಮೇಲೆ ದಾರದ ಮೊದಲ ಕೆಲವು ಅಡಿ ಬೆರಳಲ್ಲಿ ಸವರಿ. ಎಳೆ ಎದ್ದಿದ್ದರೆ ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಇಡೀ ಬ್ರೇಡ್ ಮಾಸಿ ಸವೆದರೆ ಎಸೆಯಬೇಕಿಲ್ಲ. ತಿರುಗುಮುರುಗಾಗಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ. ಕತ್ತರಿಸಿದ ತುಂಡುಗಳನ್ನು ದಡದಲ್ಲಿ ಬಿಡಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ದೋಣಿಕಟ್ಟೆಗಳಲ್ಲಿ ಹಳೆ ದಾರ ಹಾಕಲು ಇಟ್ಟಿರುವ ಪೈಪುಗಳು ಮೋನೊಗೆ ಮಾತ್ರ. ಬ್ರೇಡನ್ನು ಸಣ್ಣಗೆ ಕತ್ತರಿಸಿ ಕಸದ ಡಬ್ಬಿಗೆ ಹಾಕಿ.

ಫ್ಲೋರಿಡಾದಲ್ಲಿ 16 ವರ್ಷ ತುಂಬಿದವರಿಗೆ ಸಿಹಿನೀರಿನ ಲೈಸೆನ್ಸ್ ಬೇಕು. 65 ವರ್ಷ ತುಂಬಿದ ರಾಜ್ಯದ ನಿವಾಸಿಗಳಿಗೆ ವಿನಾಯಿತಿ ಇದೆ. ದಿನಕ್ಕೆ ಐದು ಬಾಸ್ ಇಟ್ಟುಕೊಳ್ಳಬಹುದು, ಅದರಲ್ಲಿ 16 ಇಂಚು ಅಥವಾ ಅದಕ್ಕಿಂತ ಉದ್ದದ್ದು ಒಂದೇ. ದೊಡ್ಡವನ್ನು ನಾನು ಬಿಟ್ಟೇಬಿಡುತ್ತೇನೆ. 8 ಪೌಂಡ್ ದಾಟಿದ್ದನ್ನು ತೂಕದ ಫೋಟೊ ತೆಗೆದು ಜೀವಂತ ಬಿಟ್ಟರೆ ರಾಜ್ಯದ ಟ್ರೋಫಿಕ್ಯಾಚ್ ಯೋಜನೆಯಲ್ಲಿ ದಾಖಲಾಗುತ್ತದೆ.

ಈ ಸಾಮಾನು ಊರಿಗೆ ತಂದರೆ ಉಪಯೋಗಕ್ಕೆ ಬರುತ್ತಾ ಅಂತ ಕೇಳುವವರೂ ಇದ್ದಾರೆ. ಬಾಸ್ ನಮ್ಮ ಕೆರೆಗಳ ಮೀನಲ್ಲ. ಆದರೆ ಕೊರವ ಮೀನು ಇದೆ. ಅದೂ ಕಳೆಯಲ್ಲೇ ಅಡಗುತ್ತದೆ, ಅದೂ ಕಪ್ಪೆ ಲೂರ್‌ಗೆ ಹಾರುತ್ತದೆ. ಅದಕ್ಕೆ ಒಂದು ಮೆಟ್ಟಿಲು ಹಗುರ ಸಾಕು: 7 ಅಡಿಯ ಮೀಡಿಯಂ ಹೆವಿ ರಾಡ್, 40 ಅಥವಾ 50 ಪೌಂಡ್ ಬ್ರೇಡ್. ಕೊರವನಿಗೆ ಚೂಪು ಹಲ್ಲಿದೆ, ಬಾಸ್ ಥರ ದವಡೆಗೆ ಹೆಬ್ಬೆರಳು ಹಾಕಿ ಎತ್ತಬೇಡಿ, ಇಕ್ಕಳ ಜೊತೆಯಲ್ಲಿರಲಿ. ಕೆರೆಯ ಮೀನು ಗುತ್ತಿಗೆ ಯಾರಿಗೆ ಆಗಿದೆ ಅಂತ ಊರಲ್ಲಿ ಮೊದಲು ವಿಚಾರಿಸಿ, ಅವರ ಒಪ್ಪಿಗೆ ಸಿಕ್ಕ ಮೇಲೆಯೇ ಗಾಳ ಹಾಕಿ.