ಗೌರಮ್ಮನನ್ನು ಕಡತಗಳಲ್ಲಿ ಹುಡುಕುವುದು ಹೇಗೆ?

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿಯವರು 1834ರಲ್ಲಿ ಗದ್ದುಗೆಯಿಂದ ಇಳಿಸಿದರು. ಕೊನೆಗೆ ಅವನನ್ನು ಕಾಶಿಯಲ್ಲಿ ಇರಿಸಿದರು. ಅವನ ಮಗಳು ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಳು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. 1860ರಲ್ಲಿ ಮದುವೆ, 1861ರಲ್ಲಿ ಮಗಳು, 1864ರಲ್ಲಿ ಸಾವು. ಆಗ ಅವಳಿಗೆ ಇನ್ನೂ 23 ತುಂಬಿರಲಿಲ್ಲ.

ಇಷ್ಟು ಸುಲಭವಾಗಿ ಸಿಗುತ್ತದೆ. ಇದಕ್ಕಿಂತ ಜಾಸ್ತಿ ಬೇಕೆಂದರೆ ಹಳೆಯ ದಾಖಲೆಗಳನ್ನು ಇಡುವ ಪತ್ರಾಗಾರಕ್ಕೆ ಹೋಗಬೇಕು. ಇತಿಹಾಸಕಾರರು ಅಲ್ಲಿ ಕೂತು ಒಬ್ಬರ ಬದುಕನ್ನು ಹೇಗೆ ಹುಡುಕುತ್ತಾರೆ ಅನ್ನುವುದನ್ನು ಗೌರಮ್ಮನನ್ನೇ ಇಟ್ಟುಕೊಂಡು ನೋಡೋಣ. ನಿಮ್ಮ ಮುತ್ತಜ್ಜಿಯನ್ನು ಹುಡುಕಲೂ ದಾರಿ ಹೆಚ್ಚುಕಡಿಮೆ ಇದೇ.

ಪ್ರಶ್ನೆ ಚಿಕ್ಕದಿರಲಿ

‘ಗೌರಮ್ಮನ ಬಗ್ಗೆ ಎಲ್ಲಾ ಬೇಕು’ ಅಂತ ಹೊರಟರೆ ಎರಡೇ ದಿನಕ್ಕೆ ಸುಸ್ತಾಗುತ್ತೀರಿ. ‘1860ರ ಮದುವೆಯನ್ನು ಕುದುರಿಸಿದ್ದು ಯಾರು?’ ಎಂದು ಕೇಳಿಕೊಳ್ಳಿ. ಯಾವ ಕಾಗದ ನೋಡಬೇಕು, ಯಾವುದನ್ನು ಬಿಡಬೇಕು ಎಂದು ಆ ಪ್ರಶ್ನೆಯೇ ಹೇಳುತ್ತದೆ.

ಹೆಸರುಗಳ ಪಟ್ಟಿ ಮಾಡಿ

ಕನ್ನಡದಲ್ಲಿ ಗೌರಮ್ಮ ಒಂದೇ. ಇಂಗ್ಲಿಷಿನಲ್ಲಿ ಅದನ್ನು ಹತ್ತು ರೀತಿ ಬರೆಯಬಹುದು. ದೀಕ್ಷೆಯಾದ ಮೇಲೆ ವಿಕ್ಟೋರಿಯಾ ಗೌರಮ್ಮ. ಮದುವೆಯ ನಂತರ ಮಿಸೆಸ್ ಕ್ಯಾಂಪ್‌ಬೆಲ್. ಎಷ್ಟೋ ಕಡೆ ಹೆಸರೇ ಇಲ್ಲದೆ ಸುಮ್ನೆ ‘ಕೂರ್ಗ್ ರಾಜನ ಮಗಳು’. ಒಂದೇ ಹೆಸರಲ್ಲಿ ಹುಡುಕಿ ‘ಏನೂ ಸಿಗಲಿಲ್ಲ’ ಎಂದು ಎದ್ದು ಬರುವವರೇ ಹೆಚ್ಚು. ನೋಡಿದರೆ ಅವಳು ಪಕ್ಕದ ಕಟ್ಟಿನಲ್ಲೇ ಇನ್ನೊಂದು ಹೆಸರಲ್ಲಿ ಕೂತಿರುತ್ತಾಳೆ.

ಯಾವ ಕಚೇರಿಗೆ ಅವರ ಕೆಲಸ ಬಿದ್ದಿತ್ತು?

ಇದು ಹೊಸಬರಿಗೆ ತಲೆಗೆ ಹೋಗಲು ಹೊತ್ತು ಹಿಡಿಯುತ್ತದೆ. ಕಡತಗಳು ವ್ಯಕ್ತಿಗಳ ಲೆಕ್ಕದಲ್ಲಿ ಇರುವುದಿಲ್ಲ, ಕಚೇರಿಗಳ ಲೆಕ್ಕದಲ್ಲಿ ಇರುತ್ತವೆ. ಹನ್ನೊಂದು ವರ್ಷದ ಹುಡುಗಿಯ ಹೆಸರಲ್ಲಿ ಯಾವ ಗುಮಾಸ್ತ ಕಡತ ತೆರೆಯುತ್ತಾನೆ ಹೇಳಿ? ಅಪ್ಪನ ಕಡತ ಮಾತ್ರ ಇರುತ್ತದೆ. ಅವನಿಗೆ ಪಿಂಚಣಿ ಬರುತ್ತಿತ್ತು. ಕಂಪನಿ ಇಟ್ಟುಕೊಂಡಿದ್ದ ಹಣಕ್ಕಾಗಿ ಅವನು ಲಂಡನ್ನಿನ ಕೋರ್ಟಿಗೂ ಹೋಗಿದ್ದ. ಆ ದುಡ್ಡಿನ ಜಗಳದ ಕಾಗದಗಳ ನಡುವೆ ಮಗಳು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತಾಳೆ. ಆ ಸಾಲುಗಳಿಗೋಸ್ಕರ ಇಡೀ ಕಟ್ಟನ್ನು ಓದಬೇಕು.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ ಕಚೇರಿ) ದಾಖಲೆಗಳ ಕಪಾಟುಗಳೇ ಸುಮಾರು 14 ಕಿಲೋಮೀಟರ್ ಉದ್ದ. ಅಷ್ಟು ದೂರ ಹೋಗಲಾಗದಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವಿದೆ. ಕಂಪನಿ ಪತ್ರಗಳ ನಕಲನ್ನು ಇಲ್ಲೂ ಅಲ್ಲೂ ಇಡುತ್ತಿತ್ತು. ಹಾಗಾಗಿ ಒಂದೇ ವ್ಯವಹಾರದ ಕಾಗದ ಎರಡೂ ಕಡೆ ಸಿಗಬಹುದು. ದೆಹಲಿಯ ಪಟ್ಟಿಯನ್ನು ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು.

ಓದುವ ಕೋಣೆಗೆ ಪೆನ್ಸಿಲ್ ಒಯ್ಯಿರಿ. ಶಾಯಿ ಪೆನ್ ಒಳಗೆ ಬಿಡುವುದಿಲ್ಲ. ಕಡತದ ಸಂಖ್ಯೆ, ಹಾಳೆಯ ಸಂಖ್ಯೆ, ದಿನಾಂಕ ಮೂರನ್ನೂ ಬರೆದುಕೊಳ್ಳಿ. ನಿಮಗೆ ಬೇಕಾದ ಹಾಳೆಯ ಹಿಂದಿನದನ್ನೂ ಮುಂದಿನದನ್ನೂ ಓದಿ.

ಈ ಕಾಗದ ಯಾರದು?

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. ರಾಣಿಯ ದಿನಚರಿ 2012ರಿಂದ ಅಂತರ್ಜಾಲದಲ್ಲಿದೆ. ಗೌರಮ್ಮ ಬಂದ 1852ರ ಪುಟ ತೆರೆದಾಗ ನಿಜಕ್ಕೂ ಮೈ ಜುಂ ಅನ್ನುತ್ತದೆ. ಆದರೆ ತಡೆಯಿರಿ, ಆ ಅಕ್ಷರ ರಾಣಿಯದಲ್ಲ. ರಾಣಿ ತೀರಿಕೊಂಡ ಮೇಲೆ ಕಿರಿಯ ಮಗಳು ಬಿಯಾಟ್ರಿಸ್ ದಿನಚರಿಯನ್ನು ತನ್ನ ಕೈಯಲ್ಲಿ ನಕಲು ಮಾಡಿದಳು. ಬೇಡ ಅನಿಸಿದ್ದನ್ನು ಕೈಬಿಟ್ಟಳು, ಮೂಲವನ್ನು ನಾಶಮಾಡಿದಳು. ಅಂದರೆ ನಾವು ಓದುವುದು ಮಗಳು ಉಳಿಸಿದ ಅಮ್ಮನ ಮಾತು.

ಮದುವೆಯ ವಿಷಯಕ್ಕೆ ಬನ್ನಿ. ಗದ್ದುಗೆ ಕಳೆದುಕೊಂಡಿದ್ದ ಪಂಜಾಬಿನ ಮಹಾರಾಜ ದುಲೀಪ್ ಸಿಂಗನಿಗೆ ಗೌರಮ್ಮನನ್ನು ಕೊಡಬೇಕೆಂಬುದು ರಾಣಿಯ ಆಸೆ. ಅವನು ಒಪ್ಪಲಿಲ್ಲ. ಕೊನೆಗೆ ಮದುವೆಯಾದದ್ದು ಅವಳಿಗಿಂತ ತುಂಬಾ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ. ಆ ದಿನಗಳ ಬಗ್ಗೆ ನಾವು ಓದುವ ಮುಖ್ಯ ಬರಹಗಳಲ್ಲೊಂದು ದುಲೀಪ್ ಸಿಂಗನ ಪೋಷಕನ ಹೆಂಡತಿ ಲೇಡಿ ಲಾಗಿನ್ ಅವರ ನೆನಪುಗಳು. ಗೌರಮ್ಮ ಅವರ ಮನೆಯಲ್ಲೇ ಇದ್ದವಳು. ಅವರು ಕಣ್ಣಾರೆ ಕಂಡವರು, ಸರಿ. ಆದರೆ ಕ್ಯಾಂಪ್‌ಬೆಲ್ ಅವರ ಸ್ವಂತ ಸಹೋದರ. ನೆನಪುಗಳು ಅಚ್ಚಾದದ್ದು 1916ರಲ್ಲಿ, ಗೌರಮ್ಮ ಸತ್ತು ಅರ್ಧ ಶತಮಾನ ಕಳೆದ ಮೇಲೆ. ಹಾಗಂತ ಅದನ್ನು ಬಿಸಾಡಬಾರದು. ಆ ಕಾಲದಲ್ಲೇ ಬರೆದ ಪತ್ರ ಸಿಕ್ಕರೆ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಎಲ್ಲಿ ಎರಡೂ ಬೇರೆಬೇರೆ ಹೇಳುತ್ತವೋ ಅಲ್ಲಿ ಗುರುತು ಹಾಕಿ.

ಖಾಲಿ ಜಾಗ ಖಾಲಿಯಾಗಿಯೇ ಇರಲಿ

ಗೌರಮ್ಮನ ಬಗ್ಗೆ ಬರೆದವರು ಬಹಳ. ಆ ಮದುವೆ ಅವಳಿಗೆ ಇಷ್ಟವಿತ್ತೇ? ‘ಪಾಪ, ಎಷ್ಟು ಅತ್ತಳೋ’ ಎಂದು ಬರೆಯಲು ಕೈ ಓಡುತ್ತದೆ, ಅಲ್ವಾ? ಬರೆಯಬೇಡಿ. ಅವಳದೇ ಪತ್ರ ಕೈಗೆ ಬರುವವರೆಗೂ ‘ಇರಬಹುದು’ ಎನ್ನುವ ಮಾತನ್ನು ‘ಇತ್ತು’ ಮಾಡಬಾರದು. ಅವಳ ಪರವಾಗಿ ಮಾತಾಡಿದವರು ಆಗಲೇ ಸಾಕಷ್ಟು ಜನ ಇದ್ದರು.

ಒಂದು ದಾರಿ ಮುಚ್ಚಿದರೆ ಪಕ್ಕದವರನ್ನು ಹಿಡಿಯಿರಿ. ಇಂಗ್ಲೆಂಡಿನಲ್ಲಿ 1837ರಿಂದಲೇ ಜನನ, ಮದುವೆ, ಮರಣ ಸರ್ಕಾರಿ ನೋಂದಣಿಯಲ್ಲಿವೆ. ಗೌರಮ್ಮನ ಮಗಳ ಜಾಡು ಹಿಡಿದು ಹೋದರೆ ಆ ಮಗುವಿನ ಪೂರ್ತಿ ಹೆಸರು ಸಿಗುತ್ತದೆ: ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್. ಮೊದಲು ಮಾಡಿದ ಹೆಸರಿನ ಪಟ್ಟಿಗೆ ಇದನ್ನೂ ಸೇರಿಸಿ, ಮತ್ತೆ ಮೊದಲಿಂದ ಹುಡುಕಿ.